ಇಲ್ಲದ ವಾಸನೆ

ನಮ್ಮ ಮನೆಯ ಹಳೆಯ ಹತ್ತಿದಿಂಬೊಂದು ಹೋದ ವರ್ಷ ನನ್ನ ಕೈಯಲ್ಲಿ ಪಟ್ಟ ಪಾಡು, ಮಿತ್ರರೇ, ಯಾವ ದಿಂಬಿಗೂ ಬೇಡ. ದಾವಣಗೆರೆಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞೆಯ ತರಬೇತಿಗೆ ಸೇರಿದ್ದ ನಾನು, ನಿಂತ ಎದೆಬಡಿತವನ್ನು ಮರಳಿಸಲು ಎದೆ ಒತ್ತುವ ವಿದ್ಯೆಯನ್ನು ಅದರ ಮೇಲೆಯೇ ಅಭ್ಯಾಸ ಮಾಡುತ್ತಿದ್ದೆ. "ಹತ್ತಿ ಹಿಂಜೋಕೆ ಸೇರಿಯೇನೇ?" ಎಂದು ಅವ್ವ ನಗುತ್ತಿದ್ದಳು. ತಲೆಮಾರುಗಳಿಂದ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತೇ ಬಾಳಿದ ಮನೆತನದಲ್ಲಿ ಹುಟ್ಟಿಯೂ ನನಗೆ ಕೂರುವುದೊಂದು ಬಾರದು. ಬಸ್ಸಿಗೆ ಕಾಯುವಾಗ ಪಕ್ಕದವರ ಉಸಿರು ಎಣಿಸುವ ಚಟ ಹತ್ತಿತು. ಯಾರಾದರೂ ಬೀಳಲಿ, ನಾನು ಓಡಲಿ ಎಂಬ ಅವಸರ; ಅದೆಂಥ ಕೆಟ್ಟ ಹಾರೈಕೆ ಎಂಬುದೂ ಹೊಳೆಯದಷ್ಟು ಅವಸರ.

ತರಬೇತಿಯ ಕೊನೆಯ ತಿಂಗಳು ನನ್ನನ್ನು ಹರಿಹರದ ಆಂಬುಲೆನ್ಸಿಗೆ, ಹಿರಿಯ ತಂತ್ರಜ್ಞೆ ಶಮೀಮ್ ಅಕ್ಕನ ಕೈಕೆಳಗೆ ಹಾಕಿದರು. ಒಂದು ಬೆಳಿಗ್ಗೆ ಬಸ್ ನಿಲ್ದಾಣದಿಂದ ಕರೆ ಬಂತು. ಗಾಡಿ ನಿಲ್ಲುವ ಮೊದಲೇ ಜಿಗಿದು ಓಡಿದೆ. ಅರವತ್ತರ ಆಸುಪಾಸಿನ ಒಬ್ಬರು ಗೋಡೆಯ ಬುಡದಲ್ಲಿ ಬಿದ್ದಿದ್ದರು. ಬೆವರಿಗೆ ತೊಯ್ದ ಮಾಸಿದ ಅಂಗಿ, ತೊದಲುವ ನಾಲಿಗೆ, ತೇಲುವ ಕಣ್ಣು.

"ಬೆಳಗ್ಗೆನೇ ಏರಿಸ್ಯಾನೆ, ಬಿಡ್ರಿ ಮೇಡಂ" ಎಂದ ಹೂವಿನ ಅಂಗಡಿಯವನು. ನೆರೆದಿದ್ದವರು ನಕ್ಕರು.

ಬಿದ್ದವರ ತಲೆಯ ಬಳಿ ಕುಳಿತಿದ್ದ ಅವರ ಹೆಂಡತಿ ನನ್ನ ಕೈ ಹಿಡಿದಳು. "ನಮ್ಮನೆಯೋರು ಕುಡಿಯಲ್ಲ ಯವ್ವ. ಒಂದಿನಾನೂ ಮುಟ್ಟಿಲ್ಲ."

ಬಾಗಿ ನೋಡಿದೆ. ಹೆಂಡದ ವಾಸನೆ ಮೂಗಿಗೆ ಬಡಿಯಿತು. "ಎಲ್ರೂ ಹಂಗೇ ಅಂತಾರಮ್ಮ" ಎಂದು ಕೈ ಬಿಡಿಸಿಕೊಂಡು, ಹಿಂದಿನಿಂದ ಬಂದ ಶಮೀಮ್ ಅಕ್ಕನಿಗೆ, "ಕುಡಿದಾರೆ ಅಕ್ಕ" ಎಂದೆ.

ಅಕ್ಕ ಕುಕ್ಕರುಗಾಲಲ್ಲಿ ಕುಳಿತು ಆ ಮನುಷ್ಯನ ಬೆರಳ ತುದಿ ಚುಚ್ಚಿ, ರಕ್ತದ ಹನಿಯನ್ನು ಪುಟ್ಟ ಯಂತ್ರಕ್ಕೆ ಕೊಟ್ಟಳು. "ಸಕ್ಕರೆ ತಳ ಮುಟ್ಟೈತೆ. ಗ್ಲೂಕೋಸ್ ತಗಿ, ಬೇಗ!"

"ಇನ್ಸುಲಿನ್ ಚುಚ್ಕೊಂಡು ಉಣ್ಣದಂಗೆ ಬಸ್ ಹತ್ತಿದ್ರು" ಎಂದು ಹೆಂಡತಿ ಅಳುತ್ತಿದ್ದಳು. ಅಷ್ಟು ಹೇಳುವುದಕ್ಕೂ ಅವಳಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ, ನಾನೂ ಸೇರಿ.

ಗ್ಲೂಕೋಸ್ ನರಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಅವರು ಕಣ್ಣು ಬಿಟ್ಟರು. ಸುತ್ತಲಿನ ಜನರನ್ನು ಕಂಡು, ಮೊದಲು ಮಾಡಿದ ಕೆಲಸವೆಂದರೆ ಸರಿದಿದ್ದ ಪಂಚೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡದ್ದು.

ಅವರನ್ನು ಆಸ್ಪತ್ರೆಗೆ ಬಿಟ್ಟು ಮರಳುವಾಗ ಅಕ್ಕನಿಗೆ ಹೇಳಿದೆ: "ವಾಸನೆ ಬಂದಿದ್ದು ಖರೇನೇ ಅಕ್ಕ."

"ಬಂದಿರುತ್ತೆ. ಜನ ಹೇಳಿದ ಮೇಲೆ ಮೂಗಿಗೂ ಬರುತ್ತೆ. ಅದಕ್ಕೇ ನಮಗೆ ಸೂಜಿ ಕೊಟ್ಟಾರೆ."

ಆ ವಾಸನೆ ಇಂದಿಗೂ ನನ್ನನ್ನು ಕೂರಗೊಡುವುದಿಲ್ಲ. ಅದು ಗಾಳಿಯಲ್ಲಿರಲಿಲ್ಲ, ಆ ಅಂಗಿಯಲ್ಲಿರಲಿಲ್ಲ, ಇದ್ದದ್ದು ನನ್ನೊಳಗೆ. ಮಾಸಿದ ಬಟ್ಟೆ, ತೊದಲು ಮಾತು, ನೆರೆದವರ ನಗು, ಇಷ್ಟನ್ನು ಕೂಡಿಸಿ ನಾನೇ ಭಟ್ಟಿ ಇಳಿಸಿಕೊಂಡ ಹೆಂಡ ಅದು. ಅಕ್ಕ ಅಂದು ರಜೆಯಲ್ಲಿದ್ದಿದ್ದರೆ? ತಂತ್ರಜ್ಞೆಯಾಗುವ ಮೊದಲೇ ಈ ಕೆಲಸ ಬಿಟ್ಟುಬಿಡೋಣವೆಂದು ಆ ವಾರವೆಲ್ಲ ಚಡಪಡಿಸಿ, ಭಾನುವಾರ ಕ್ಷಮೆ ಕೇಳಲೆಂದು ಆ ರೋಗಿ ಹಾಲಪ್ಪನವರ ಊರಾದ ಕಡರನಾಯಕನಹಳ್ಳಿಗೆ ಹೋದೆ.

ಹಾಲಪ್ಪನವರಿಗೆ ಅಂದಿನದೊಂದೂ ನೆನಪಿರಲಿಲ್ಲ. ನಾನು ಆಂಬುಲೆನ್ಸಿನವಳೆಂದು ಹೇಳಿದ್ದೇ ತಡ, "ಜೀವ ಉಳಿಸಿದ ಮಗಳು ಬಂದಾಳೆ, ಬರ್ರಿ" ಎಂದು ನೆರೆಹೊರೆಯವರನ್ನೆಲ್ಲ ಕರೆದರು. ಹೆಂಡತಿ ಕೆಂಚಮ್ಮ ಮಾತ್ರ ನನ್ನನ್ನು ಒಮ್ಮೆ ದಿಟ್ಟಿಸಿ ಒಳಗೆ ಹೋದಳು. ನಾನೂ ಅಡುಗೆಮನೆಗೆ ನಡೆದೆ.

"ತಪ್ಪಾತಮ್ಮ."

ಅವಳು ಚಹಾ ಸೋಸುತ್ತಲೇ ಇದ್ದಳು. "ಬಸ್‌ಸ್ಟ್ಯಾಂಡ್ ತುಂಬ ಜನ ಕುಡುಕ ಅಂದಿದ್ದು ಅವ್ರಿಗೆ ಗೊತ್ತಿಲ್ಲ. ನೀನೂ ಹೇಳಬ್ಯಾಡ" ಎಂದು ಲೋಟವನ್ನು ಕೈಗಿತ್ತಳು. "ಹೋಗು, ಅವ್ರ ಪಕ್ಕ ಕೂತು ಕುಡಿ."

ಹೋಗಿ ಕುಳಿತೆ. ಹಾಲಪ್ಪನವರು ನೆರೆದವರ ಮುಂದೆ ನನ್ನನ್ನು ಹೊಗಳುತ್ತಲೇ ಇದ್ದರು. ಲೋಟ ಬೆರಳು ಸುಡುತ್ತಿತ್ತು. ಕೆಳಗಿಡಲು ಮನಸ್ಸಾಗದೆ ಹಿಡಿದೇ ಆ ಹೊಗಳಿಕೆಯನ್ನು ಕೇಳಿಸಿಕೊಂಡೆ.