ಅವ್ವ ಬೈಯುತ್ತಿದ್ದ ಬೆಕ್ಕು

ಟಿ.ವಿ.ಯೊಳಗಿನ ಆ ಕಾರ್ಟೂನ್ ಕಳ್ಳಬೆಕ್ಕಿನ ಚರಿತ್ರೆ ನನಗೆ ಬಾಯಿಪಾಠ. ಮೊದಲು ಹಿಂದಿಯಲ್ಲಿ ಬರುತ್ತಿತ್ತು, ಆಮೇಲೆ ಕನ್ನಡ ಕಲಿಯಿತು. ಸಂಜೆ ಬರುತ್ತಿದ್ದದ್ದು ಬೆಳಗ್ಗೆಗೆ ಹೋಯಿತು, ಒಂದು ಚಾನೆಲ್ ಬಿಟ್ಟು ಇನ್ನೊಂದಕ್ಕೆ ಹಾರಿತು. ಚಿಕ್ಕ ಮಕ್ಕಳೇ ಇಲ್ಲದ ನಮ್ಮ ಭೇರ್ಯದ ಮನೆಯಲ್ಲಿ ನಾನು ಅದರ ಹಿಂದೆ ಬಿದ್ದದ್ದು ಅವ್ವನಿಗಾಗಿ.

ಲಕ್ವ ಹೊಡೆದ ಮೇಲೆ ಅವ್ವನ ಮಾತು ನಿಂತುಹೋಗಿತ್ತು. ಹುಣಸೂರಿನಲ್ಲಿ ತೋರಿಸಿದೆ, ಮೈಸೂರಿನಲ್ಲಿ ತೋರಿಸಿದೆ, ಹರಕೆಯನ್ನೂ ಹೊತ್ತೆ. ಏನೂ ಆಗಲಿಲ್ಲ. ಒಂದು ದಿನ ಚಾನೆಲ್ ಬದಲಿಸುವಾಗ ಆ ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿತು ನೋಡಿ.

"ಥೂ, ನಿನ್ ಮನೆ ಆಳಾಗ, ಕಳ್ಮುಂಡೇದೇ," ಅಂದಳು ಅವ್ವ.

ನಾನು ಅಲ್ಲೇ ಅತ್ತುಬಿಟ್ಟೆ. ಅವ್ವ ಜೀವಮಾನವೆಲ್ಲ ಡೈರಿಗೆ ಹಾಲು ಹಾಕಿದವಳು. ಪಾತ್ರೆಯ ಮುಚ್ಚಳದ ಮೇಲೆ ಗುಂಡುಕಲ್ಲು ಹೇರದೆ ಮಲಗಿದವಳಲ್ಲ. ಬೆಕ್ಕೆಂದರೆ ಅವಳಿಗೆ ಆಗುತ್ತಿರಲಿಲ್ಲ. ಅಂದಿನಿಂದ ದಿನವೂ ಆ ಬೆಕ್ಕಿಗೆ ಮಂಗಳಾರತಿ, ನನಗೆ ಅವ್ವನ ದನಿ.

ಆಮೇಲೊಂದು ಸೋಮವಾರ ಬೆಕ್ಕು ಬರಲಿಲ್ಲ. ಕೇಬಲ್ಲಿನವನನ್ನು ಕೇಳಿದೆ.

"ಅದ್ ನಿಂತೋಯ್ತು ಕಣಕ್ಕ. ಈಗ ಬ್ಯಾರೆ ಬೆಕ್ಕು ಬತ್ತದೆ, ಅದ್ನೇ ತೋರ್ಸಿ ಬುಡಿ."

ಹೊಸ ಬೆಕ್ಕು ಹಲ್ಲುಜ್ಜುತ್ತದೆ, ದೊಡ್ಡವರಿಗೆ ನಮಸ್ಕಾರ ಮಾಡುತ್ತದೆ. ಅಂಥ ಸಂಭಾವಿತನನ್ನು ಯಾರು ಬೈಯುತ್ತಾರೆ? ಅವ್ವ ಟಿ.ವಿ. ಬಿಟ್ಟು ಗೋಡೆ ನೋಡತೊಡಗಿದಳು. ಫೋನಿನಲ್ಲಿ ಹಳೆಯದನ್ನು ಹುಡುಕಿ ಹಿಡಿದೆ. ಅಂಗೈಯಗಲದಲ್ಲಿ ಅವಳಿಗೆ ಬೆಕ್ಕೇ ಕಾಣಲಿಲ್ಲ. ಪಕ್ಕದ ಮನೆಯ ಬೆಕ್ಕನ್ನು ಎತ್ತಿಕೊಂಡು ಬಂದೆ. ಹಾಳಾದ್ದು, ಹಾಲಿಟ್ಟರೂ ಮೂಸದೆ ಮಂಚದ ಕೆಳಗೆ ಮಲಗಿತು. ಈ ಸಲ ಅವ್ವನ ಬಾಯಿ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬ ಭಯಕ್ಕೆ ನನಗೆ ಅನ್ನ ಸೇರುತ್ತಿರಲಿಲ್ಲ.

ಕಡೆಗೆ, ಮೊಮ್ಮಕ್ಕಳನ್ನು ಕಂಡ ಈ ವಯಸ್ಸಿನಲ್ಲಿ, ಅವ್ವನ ಎದುರಿಗೇ ಕಲ್ಲು ಸರಿಸಿ, ಮುಚ್ಚಳ ತೆಗೆದು, ನಾನೇ ಪಾತ್ರೆಗೆ ಬಾಯಿ ಹಾಕಿದೆ. ಹಾಲು ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಬೈಯಿ ಅವ್ವ, ಒಂದೇ ಒಂದು ಸಲ ಬೈಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವ್ವ ಸ್ವಾಧೀನ ಉಳಿದಿದ್ದ ಎಡಗೈಯಿಂದ ಸೆರಗೆಳೆದು ನನ್ನ ಗಲ್ಲ ಒರೆಸಿದಳು.

"ಕುಡಿ ಮಗ," ಅಂದಳು.

ಈಗಲೂ ನಾನು ದಿನಾ ಆ ಕಲ್ಲು ಸರಿಸುತ್ತೇನೆ. ಅವ್ವ ಸುಮ್ಮನೆ ನೋಡುತ್ತಾಳೆ.