ಒಂಬತ್ತು ದಿನ ಖಾಲಿಯಿದ್ದ ಗೂಡು

ಪ್ರಾಣಿಗಳ ಆಶ್ರಯಕೇಂದ್ರದ ಗೇಟಿನ ಪಕ್ಕ ಕೂತು ಹತ್ತೊಂಬತ್ತು ವರ್ಷ ರಿಜಿಸ್ಟರ್ ಬರೆದ ಆಕೆಯನ್ನು ಎಲ್ಲರೂ ಭರ್ತಿಯಕ್ಕ ಎನ್ನುತ್ತಿದ್ದರು. ನಾಯಿ ಎತ್ತಿಕೊಂಡು ಬಂದವರಿಗೆ ಆಕೆಯ ಬಾಯಿಂದ ಮೊದಲು ಬೀಳುತ್ತಿದ್ದ ಮಾತು ಅದೇ: "ಭರ್ತಿ!" ಗೂಡುಗಳು ನಲವತ್ತು, ನಲವತ್ತೊಂದನೆಯದಕ್ಕೆ ಮಂತ್ರಿಯ ಶಿಫಾರಸು ಪತ್ರವಿದ್ದರೂ ಜಾಗವಿಲ್ಲ. ರಿಜಿಸ್ಟರಿನಲ್ಲಿ ಮೂರು ಕಾಲಂ: ಬಂದದ್ದು, ಹೋದದ್ದು, ಉಳಿದದ್ದು. ದತ್ತು ಹೋಗಲಿ, ಸತ್ತು ಹೋಗಲಿ, ಕಾಲಂ ಒಂದೇ.

"ನನ್ನನ್ನ ಯಾವುದಕ್ಕೆ ಹಾಕಿದೀಯೇ?" ಎಂದು ಗಂಡ ಕೇಳಿದ್ದುಂಟು.

"ಉಳಿದದ್ದು. ಯಾರೂ ಕೇಳ್ಕೊಂಡು ಬರಲಿಲ್ವಲ್ಲ!"

ಹದಿನೇಳನೆಯ ಗೂಡಿನ ಕುರುಡು ನಾಯಿಯನ್ನೂ ಆರು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಭರ್ತಿಯಕ್ಕನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅದರ ಬಾಲ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ಒಂದು ಸೋಮವಾರ ಬಡಿಯಲಿಲ್ಲ.

ಹಿತ್ತಲಲ್ಲಿ ಹೂಳಿ ಬಂದು ಆಕೆ ಪೆನ್ನು ತೆಗೆದಳು. 'ಹೋದದ್ದು' ಎಂಬ ಕಾಲಂ ನೋಡಿದಳು, ಪೆನ್ನಿನ ಮುಚ್ಚಳ ಹಾಕಿದಳು. ನಾಳೆ ಬರೆದರಾಯಿತು. ಮರುದಿನ ಊಟದ ಪಟ್ಟಿಯಲ್ಲಿ ಹದಿನೇಳರ ಎದುರು ಎಂದಿನಂತೆ 'ತಿಂದಿದೆ' ಎಂದು ಗೀಚಿದಳು. ಹೀಗೆ ಒಂಬತ್ತು ದಿನ ಸತ್ತ ನಾಯಿ ಹೊಟ್ಟೆತುಂಬ ಉಂಡಿತು.

ಈ ನಡುವೆ, ಶುಕ್ರವಾರ, ಒಬ್ಬ ಟೈಲರ್ ಕಂದು ನಾಯಿಯೊಂದನ್ನು ಕರೆತಂದ. ಮನೆ ಬದಲಾಯಿಸುತ್ತಿದ್ದ, ಹೊಸ ಮನೆಯ ಮಾಲೀಕರು ನಾಯಿ ಕೂಡದೆಂದಿದ್ದರು.

"ಒಂದೇ ಒಂದು ವಾರ ಇಟ್ಕೊಳ್ಳಿ ಅಕ್ಕ, ಅಷ್ಟರಲ್ಲಿ ಯಾರನ್ನಾದ್ರೂ ಹುಡುಕ್ತೀನಿ."

ರಿಜಿಸ್ಟರಿನಲ್ಲಿ ಉಳಿದದ್ದು ನಲವತ್ತು. "ಭರ್ತಿ," ಎಂದಳು.

ಹದಿನೇಳು ನೆನಪಾಗಲಿಲ್ಲವೇ? ಆಗಿತ್ತು. ಅಲ್ಲಿ ಇನ್ನೊಂದು ನಾಯಿ ಮಲಗುವುದು ಆಕೆಗೆ ಬೇಡವಾಗಿತ್ತು, ಅಷ್ಟೆ. ಟೈಲರ್ ತನ್ನ ಅಂಗಡಿಯ ಚೀಟಿ ಕೊಟ್ಟು, ಜಾಗವಾದರೆ ತಿಳಿಸಿ ಎಂದು ಹೋದ.

ಮುಂದಿನ ಗುರುವಾರ ಪಶುವೈದ್ಯರು ತಪಾಸಣೆಗೆ ಬಂದರು. "ಇದೇನಮ್ಮ, ಗೂಡಲ್ಲಿ ನಾಯಿನೇ ಇಲ್ಲ, ಊಟ ಮಾತ್ರ ಚೆನ್ನಾಗಿ ಸೇರ್ತಾ ಇದೆ!" ಎಂದು ನಕ್ಕರು. ಆಕೆ ಮುಖ ತಗ್ಗಿಸಿ 'ಹೋದದ್ದು' ಬರೆದಳು. ಮಧ್ಯಾಹ್ನ ಚೀಟಿ ಹಿಡಿದು ಟೈಲರ್ ಅಂಗಡಿ ಹುಡುಕಿದಳು.

"ಬನ್ನಿ ಅಕ್ಕ. ಜಾಗ ಆಯ್ತಾ?"

"ಆಯ್ತು. ನಾಯಿ ಎಲ್ಲಿ?"

"ಶನಿವಾರ ಸಾಮಾನು ಸಾಗಿಸ್ಬೇಕಿತ್ತು. ಮಾರ್ಕೆಟ್ ಹತ್ರ ಬಿಟ್ಟುಬಂದೆ. ಮನಸ್ಸು ತಡೀಲಿಲ್ಲ, ಸಂಜೆ ಹೋಗಿ ನೋಡಿದೆ. ಇರಲಿಲ್ಲ." ಅವನು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ನಿಮ್ದೇನು ತಪ್ಪು ಬಿಡಿ. ಭರ್ತಿ ಇದ್ರೆ ಪಾಪ, ನೀವೇನ್ ಮಾಡ್ತೀರಿ?"

ಅವನು ಕನಿಕರದಿಂದ ಅಂದ 'ಪಾಪ' ಆಕೆಗೆ ಸರಿಯಾಗಿಯೇ ತಟ್ಟಿತು.

"ಭರ್ತಿ ಇರಲಿಲ್ಲಪ್ಪ. ಒಂದು ಗೂಡು ಖಾಲಿ ಇತ್ತು."

ಮಿಷನ್ ನಿಂತಿತು. "ನಾನು ಬಂದ ದಿನಾನಾ?"

"ನಾಲ್ಕು ದಿನ ಮುಂಚಿಂದ್ಲೂ."

ಅವನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ನಿಲ್ಲಲು ಒಂದು ನೆಪವಾದರೂ ಸಿಗುತ್ತಿತ್ತು.

"ನೀವಿನ್ನು ಹೊರಡಿ ಅಕ್ಕ. ಗಿರಾಕಿ ಬರೋ ಹೊತ್ತು."

ಅಂಗಡಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಆಕೆ ಹೊರಟಳು.

ಕೇಂದ್ರಕ್ಕೆ ಹೋಗದೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ಗಾಡಿಗಳ ಅಡಿಯಲ್ಲೆಲ್ಲ ಬಗ್ಗಿ ನೋಡಿದಳು. ಕೂಗಿ ಕರೆಯಲು ಬಾಯಿ ತೆರೆದಾಗ ಹೊಳೆಯಿತು, ಆ ದಿನ ನಾಯಿಯ ಹೆಸರನ್ನೂ ಕೇಳಿರಲಿಲ್ಲ. ತಿರುಗಿ ಹೋಗಿ ಕೇಳುವ ಮುಖ ಆಕೆಗಿರಲಿಲ್ಲ. ಕಂದು ಬಣ್ಣ ಕಂಡಲ್ಲೆಲ್ಲ ಚುಚುಚು ಎನ್ನುತ್ತ ಮುಂದಿನ ಗಾಡಿಯತ್ತ ನಡೆದಳು.