ಹಸಿರು ಬಳೆಯ ಚೂರು

ಒಲೆಯ ಉರಿಗೆ ಸೂಜಿ ಕಾಯಿಸಿಕೊಂಡು ಬಂದು ಅವ್ವನ ಮಣಿಕಟ್ಟು ಹಿಡಿದೆ. ಐವತ್ತರ ದಶಕದ ನಾಗಪುರ, ರೈಲ್ವೆ ಕ್ವಾರ್ಟರ್ಸು. ಅಪ್ಪ ತೀರಿಕೊಂಡ ಹತ್ತನೆಯ ದಿನ ಹಿರಿಯ ಹೆಂಗಸರು ಅವ್ವನ ಬಳೆ ಒಡೆದಾಗ ಗಾಜಿನ ಚೂರೊಂದು ಚರ್ಮದೊಳಗೆ ಹೊಕ್ಕಿತ್ತು. ಮೂರೇ ದಿನಕ್ಕೆ ಅದರ ಸುತ್ತ ಕೀವು ತುಂಬಿತ್ತು.

ಅವ್ವ ಕೈ ಎಳೆದುಕೊಂಡಳು. "ಇರ್ಲಿ ಬಿಡವಾ. ಗಾಂಧಿಬಾಗ ಪ್ಯಾಟ್ಯಾಗ ನಿಮ್ಮಪ್ಪ ಬಾಜೂಕ ನಿಂತು ಇಡಿಸಿದ ಬಳಿ ಅದು."

"ಹುಚ್ಚರಂಗ ಮಾಡಬ್ಯಾಡವ್ವ, ಕೈ ಕೊಳೀತೈತಿ," ಎಂದು ಗದರಿ ತೆಗೆದೇಬಿಟ್ಟೆ. ನುಚ್ಚಕ್ಕಿಯಷ್ಟು ಹಸಿರು ಗಾಜು. ಯಾರಿಗೂ ಚುಚ್ಚದಿರಲೆಂದು ಹಿತ್ತಲಿನ ಮೂಲೆಗೆ ಎಸೆದೆ.

ಮರುದಿನ ಬೆಳಿಗ್ಗೆ ಅವ್ವ ಆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹುಡುಕಿದೆ. ಸಿಗಲಿಲ್ಲ.

ಇವತ್ತಿಗೂ ಅಂಗಳದಲ್ಲಿ ಹಸಿರೇನಾದರೂ ಮಿನುಗಿದರೆ ನನ್ನ ಕೈಯ ಕಸಬರಿಗೆ ನಿಂತುಬಿಡುತ್ತದೆ.